ಕೊನೆಯ ದರ್ಶನಕ್ಕೆ ಒಂದು ಜಿಬಿ

ಇಸ್ತ್ರಿಯವನು ಮಾಡಿದ ತಪ್ಪು ಒಂದೇ. ಕಡಲಾಚೆಯ ಊರಿನಲ್ಲಿ ಅಕ್ಕ ತೀರಿಕೊಂಡ ಸುದ್ದಿಯನ್ನು ಬೆಳಿಗ್ಗೆ ಬೀದಿಯ ವಾಟ್ಸಾಪ್ ಗುಂಪಿಗೆ ಹಾಕಿದ. ಇವತ್ತು ಬಟ್ಟೆ ತರಬೇಡಿ ಎಂದು ತಿಳಿಸಲು, ಅಷ್ಟೇ.

ತಾಯಿಯಿಲ್ಲದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಆ ಅಕ್ಕ. ಮದುವೆಯಾಗಿ ಹೋದವಳನ್ನು ಅವನು ಮತ್ತೆ ಕಂಡಿರಲಿಲ್ಲ. ಈಗ, ಇವನ ಮುಖವನ್ನೇ ಕಾಣದ ಅವಳ ಮಗ ಒಂದು ಲಿಂಕ್ ಕಳಿಸಿ ಫೋನ್ ಮಾಡಿದ್ದ: "ಮಾಮ, ಮಧ್ಯಾಹ್ನ ವಿಡಿಯೋದಲ್ಲಿ ಬನ್ನಿ. ನೀವು ಮುಖ ನೋಡಿದ ಮೇಲೇನೇ ಎತ್ತೋದು. ಅಮ್ಮ ಹಾಗೇ ಹೇಳಿ ಹೋಗಿದಾರೆ."

ಅದಕ್ಕೆ ಒಂದು ಜಿಬಿಯಾದರೂ ಬೇಕೆಂದ ರೀಚಾರ್ಜ್ ಅಂಗಡಿಯವನು. ಈ ಊರಿನಲ್ಲಿ ಒಂದು ಜಿಬಿ ಎಂದರೆ ಎರಡು ದಿನದ ದುಡಿಮೆ. ಇಸ್ತ್ರಿಯವನು ಎಣಿಸಿ ಕೊಟ್ಟ.

ಮನೆ ಮುಟ್ಟುವಷ್ಟರಲ್ಲಿ ಬೀದಿಯ ಸಂತಾಪ ಶುರುವಾಗಿತ್ತು. ಟೈಲರಮ್ಮ ಉದುರುವ ಹೂಗಳ ವಿಡಿಯೋ ಕಳಿಸಿದರು. ಹಾಲಿನವನು ಮೇಣದಬತ್ತಿ ಕಳಿಸಿದ, ಅದು ಪೂರ್ತಿ ಕರಗುವವರೆಗೆ, ಹಿನ್ನೆಲೆಗೆ ಕೊಳಲು ಬೇರೆ. ಇವನ ಫೋನೋ, ಬಂದದ್ದನ್ನೆಲ್ಲ ಕೇಳದೆ ಇಳಿಸಿಕೊಳ್ಳುವ ಜಾತಿಯದು. ಸಂತಾಪ ಮುಗಿಯುವ ಮೊದಲೇ ಡೇಟಾ ಮುಗಿಯಿತು.

"ಯಾಕಮ್ಮ ಕಳಿಸಿದ್ರಿ?" ಎಂದು ಟೈಲರಮ್ಮನ ಮುಂದೆ ಗೋಳಾಡಿದ.

"ಕಳಿಸ್ದೆ ಇದ್ರೆ ಕಲ್ಲು ಮನಸ್ಸಿನೋಳು ಅಂತಾರಲ್ಲಣ್ಣ. ಲಿಂಕ್ ನಮಗೂ ಹಾಕು. ಇಂಥ ಹೊತ್ತಲ್ಲಿ ಒಬ್ಬನೇ ಅಳಬಾರ್ದು."

ಹಾಕಿದ. ಬುದ್ಧಿ ಎಲ್ಲಿಗೆ ಹೋಗಿತ್ತೋ! ಗ್ಯಾಸಿಗೆಂದು ಇಟ್ಟಿದ್ದ ದುಡ್ಡನ್ನು ಅಂಗಡಿಗೆ ಸುರಿದು ಇನ್ನೊಂದು ಜಿಬಿ ತಂದವನು ಮೊದಲು ಮಾಡಿದ್ದೇ ಲಿಂಕನ್ನು ಗುಂಪಿಗೆ ಹಾಕುವ ಕೆಲಸ. ಈಗ ಡೇಟಾ ಇತ್ತು, ಚಿತ್ರ ಇರಲಿಲ್ಲ. ಪರದೆಯ ಮೇಲೆ ಬರೀ ಚಕ್ರ ಸುತ್ತುತ್ತಿತ್ತು. ಇರುವುದೊಂದು ಟವರ್, ಒಂದೇ ನಲ್ಲಿಗೆ ಬೀದಿಯೆಲ್ಲ ಕೊಡ ಹಿಡಿದಂತೆ ಎಲ್ಲರೂ ಅದೇ ಲಿಂಕ್ ಒತ್ತಿ ಕುಳಿತಿದ್ದರು.

ತಂತಿಯ ಇಂಟರ್ನೆಟ್ ಇದ್ದದ್ದು ಪಿಂಚಣಿ ಯಜಮಾನರ ಮನೆಯಲ್ಲಿ ಮಾತ್ರ. ಅವರದು ಹೂವಿನಂಥ ಮನಸ್ಸು. ಯಾರದೇ ಮದುವೆಯಾಗಲಿ, ಹೆಣ್ಣಿನ ಕಡೆಯವರಿಗಿಂತ ಮೊದಲು ಅಳುವವರು ಅವರು.

"ಯಜಮಾನ್ರೇ, ಪಾಸ್‌ವರ್ಡ್ ಕೊಡಿ. ಒಂದ್ಸಲ ಮುಖ ನೋಡಿಬಿಡ್ತೀನಿ."

"ಕೊಡ್ತಿದ್ದೆ ಕಣಯ್ಯ. ನಿಂಗೆ ಕೊಟ್ರೆ ನಾಳೆ ಬೀದಿಯೆಲ್ಲ ಬಾಗಿಲಿಗೆ ಬರುತ್ತೆ."

"ಹೋಗಲಿ, ಒಳಗೆ ಬಂದು ನಿಮ್ಮ ಫೋನಲ್ಲೇ ನೋಡ್ಲಾ?"

"ಈಗ್ತಾನೇ ನೆಲ ಒರೆಸಿದಾರೆ. ನೀನು ನೀರಿನ ಟ್ಯಾಂಕ್ ಹತ್ತು, ಅಲ್ಲಿ ಸಿಗ್ನಲ್ ಚೆನ್ನಾಗಿ ಸಿಗುತ್ತೆ. ನಾನೂ ನೋಡ್ತಿರ್ತೀನಿ. ನಿನ್ನ ದುಃಖ ಬೇರೆ, ನನ್ನ ದುಃಖ ಬೇರೆನಾ?" ಎಂದು ಕಣ್ಣೊರೆಸಿಕೊಂಡು ಬಾಗಿಲು ಹಾಕಿಕೊಂಡರು.

ಇಸ್ತ್ರಿಯವನು ಟ್ಯಾಂಕ್ ಹತ್ತಿದ. ಉರಿಬಿಸಿಲಲ್ಲಿ ಫೋನನ್ನು ನಾಲ್ಕೂ ದಿಕ್ಕಿಗೆ ಹಿಡಿದ. ಚಕ್ರ ಸುತ್ತಿತು. ಕೆಳಗಿನ ಕಿಟಕಿಗಳಿಂದ ಅಳು ಕೇಳಿಬರುತ್ತಿತ್ತು. ತನ್ನ ಅಕ್ಕನಿಗಾಗಿ ಎಲ್ಲರೂ ಅಳುತ್ತಿದ್ದಾರೆ, ತನಗೆ ಮಾತ್ರ ಅವಳಿಲ್ಲ ಎಂದು ಅವನ ಹೊಟ್ಟೆ ಉರಿಯಿತು. "ಅಕ್ಕಾ, ಒಂಚೂರು ನಿಲ್ಲು" ಎಂದು ಕೂಗಿಯೂಬಿಟ್ಟ. ಅಷ್ಟರಲ್ಲಿ ಚಕ್ರ ನಿಂತು, ಕರೆ ಮುಗಿಯಿತೆಂದು ಪರದೆ ತಿಳಿಸಿತು.

ಸ್ವಲ್ಪ ಹೊತ್ತಿಗೆ ಅಕ್ಕನ ಮಗನ ಫೋನ್ ಬಂತು.

"ಮಾಮ, ಮನಸ್ಸು ಹಗುರ ಆಯ್ತು. ಬೇರೆಯವರದೆಲ್ಲ ಬರೀ ಕಪ್ಪು ಚೌಕ, ನಿಮ್ಮೊಬ್ಬರದೇ ಮುಖ ಕಾಣಿಸ್ತಿತ್ತು. ಎಷ್ಟು ಅಳ್ತಿದ್ರಿ! 'ಎತ್ತಬಹುದಾ ಮಾಮ' ಅಂದೆ. ಮಾತೇ ಬರ್ಲಿಲ್ಲ ನಿಮಗೆ, ತಲೆ ಆಡಿಸಿದ್ರಿ. ಆಮೇಲೇನೇ ಎತ್ತಿದ್ವಿ."

ಅದು ನಾನಲ್ಲಪ್ಪ ಎಂಬ ಮಾತು ತುಟಿಯವರೆಗೆ ಬಂತು. ಎತ್ತಿಯಾದ ಮೇಲೆ ಹೇಳಿ ಏನು ಫಲ? ಆ ಹುಡುಗನಿಗೂ ಸಂಕಟ. "ಹೌದಪ್ಪ" ಎಂದ. ಒಂದು ಫೋಟೋ ಕಳಿಸು ಎನ್ನಲೂ ಇನ್ನು ಬಾಯಿಲ್ಲ. ಕಣ್ತುಂಬ ನೋಡಿದವನು ತಾನೇ!

ಕೆಳಗಿಳಿದು ಟೈಲರಮ್ಮನನ್ನು ಕೇಳಿದ.

"ನಮಗೂ ಚಕ್ರಾನೇ ಅಣ್ಣ" ಎಂದರು ಆಕೆ ಮೂಗೊರೆಸಿಕೊಳ್ಳುತ್ತ. "ಆದ್ರೂ ಅಳು ಬಂದ್ಬಿಡ್ತು."

ಯಜಮಾನರು ಮೆಟ್ಟಿಲ ಮೇಲೆ ಊದಿದ ಕಣ್ಣುಗಳೊಂದಿಗೆ ಕುಳಿತಿದ್ದರು. ಅವರ ಕುತ್ತಿಗೆ ಹಿಸುಕುವಷ್ಟು ಸಿಟ್ಟಿತ್ತು ಇಸ್ತ್ರಿಯವನಿಗೆ. ಆದರೆ ಅಕ್ಕನನ್ನು ಕಂಡ ಕಣ್ಣುಗಳು ಈ ಬೀದಿಯಲ್ಲಿ ಅವೆರಡೇ. ಸಿಟ್ಟು ನುಂಗಿಕೊಂಡು ಪಕ್ಕದಲ್ಲಿ ಕೂತ.

"ಯಜಮಾನ್ರೇ, ಅಕ್ಕ ಹೇಗಿದ್ಲು? ತುಂಬ ಸೊರಗಿದ್ಲಾ?"

"ಅಯ್ಯೋ, ಅಳು ಬಂತು ಅಂತ ಮೊದಲೇ ಕನ್ನಡಕ ತೆಗೆದಿಟ್ಟೆ ಕಣಯ್ಯ" ಎಂದರು ಯಜಮಾನರು. "ಅದಿಲ್ದೆ ನನಗೆ ಏನೂ ಕಾಣಲ್ಲ."