ಏಳನೆಯ ಭಾಗದ ತಾಯಿ

“ಕತೆಯಂತೆ ಕತೆ! ಥೂ! ನನ್ನ ಅಂಗಡಿ ಮುಂದೆ ಕಟ್ಟಿರೋ ಆಡನ್ನ ಕೇಳು, ಇದಕ್ಕಿಂತ ಚೆನ್ನಾಗಿ ಹೇಳುತ್ತೆ!”

ಕಟುಕ ಲುಬೆಗಾ ಬೆಂಚಿನ ಒಂದು ತುದಿಗೆ ಹತ್ತಿ ನಿಂತಿದ್ದ. ಅವನ ಭಾರಕ್ಕೆ ಇನ್ನೊಂದು ತುದಿಯಲ್ಲಿ ಕೂತಿದ್ದ ಇಬ್ಬರು ತಕ್ಕಡಿಯ ಹಗುರ ತಟ್ಟೆಯ ಹಾಗೆ ಮೇಲಕ್ಕೆದ್ದಿದ್ದರು.

“ಕೆಳಗಿಳಿಯಪ್ಪ, ಬೆಂಚು ಮುರಿದ್ರೆ ಹಾಜತಿ ನಿನ್ನ ಮುರೀತಾಳೆ,” ಎಂದಳು ಚಪಾತಿ ಮಾರುವ ನಾಲೊಂಗೊ. ಅವಳಿ ಮಕ್ಕಳನ್ನು ಹೆತ್ತವಳೆಂದು ಊರೆಲ್ಲ ಅವಳನ್ನು ನಾಲೊಂಗೊ ಎಂದೇ ಕರೆದು ಕರೆದು, ಅಪ್ಪ ಅಮ್ಮ ಇಟ್ಟ ಹೆಸರು ಅವಳಿಗೇ ಮರೆತುಹೋಗಿತ್ತು. “ಆದ್ರೆ ನೀನಂದಿದ್ದು ನಿಜ. ಇದು ಕತೆಯಲ್ಲ, ಹೊಟ್ಟು.”

ಬೈಗುಳವೆಲ್ಲ ಹೋಗಿ ತಗಲುತ್ತಿದ್ದುದು ಕಾವುಮನಿಗೆ. ಅವನು ಪರದೆಯ ಪಕ್ಕದ ಸ್ಟೂಲಿನ ಮೇಲೆ ಮೈಕು ಹಿಡಿದು, ಮಳೆಗೆ ಸಿಕ್ಕ ಕೋಳಿಯಂತೆ ಕೂತಿದ್ದ. ಕಂಪಾಲದ ನಟೇಟೆ ಬಡಾವಣೆಯ ಆ ತಗಡಿನ ವಿಡಿಯೊ ಹಾಲಿನಲ್ಲಿ ಕತೆ ಹೇಳುವುದು ಅವನ ಕೆಲಸ. ಪರದೆಯ ಮೇಲೆ ಎಲ್ಲಿಂದಲೋ ಬಂದ ವಿಡಿಯೊ ಗೇಮು. ಅದನ್ನು ಆಡುವವನು ಓಪಿಯೊ ಒಬ್ಬನೇ. ಮಿಕ್ಕವರು ಬೆಂಚು ತುಂಬ ಕೂತು ನೋಡುವವರು. ಯಾರು ಏನಂದರು, ಯಾಕೆ ಬಡಿದಾಡಿದರು ಎಂದು ಮೈಕಿನವನು ಊರಿನ ಭಾಷೆ ಲುಗಾಂಡದಲ್ಲಿ ಹೇಳುತ್ತ ಹೋಗಬೇಕು. ಕಂಪಾಲದ ಜನ ಸಿನಿಮಾ ನೋಡುವುದೂ ಹೀಗೇ, ಗೇಮು ನೋಡುವುದೂ ಹೀಗೇ. ಹೇಳುವವನಿಲ್ಲದ ಚಿತ್ರ, ಸಾರಿಲ್ಲದೆ ಬೇಯಿಸಿದ ಬಾಳೆಕಾಯಿ ನುಂಗಿದ ಹಾಗೆ, ಗಂಟಲಲ್ಲೇ ನಿಲ್ಲುತ್ತದೆ.

‘ಬೂದಿಯ ಖಡ್ಗ’ ಆ ಹಾಲಿನಲ್ಲಿ ಹತ್ತು ವರ್ಷದಿಂದ ನಡೆದುಬಂದ ಗೇಮು. ಆರು ಭಾಗ ಮುಗಿದಿದ್ದವು. ಆರಕ್ಕೂ ಮೈಕು ಹಿಡಿದವನು ಕಟೆಂಡೆ ತಾತ. ಗಂಟಲು ಕೆಟ್ಟು ತಾತ ಹಳ್ಳಿ ಸೇರಿದ ಮೇಲೆ ಹಾಲಿನ ಒಡತಿ ಹಾಜತಿ, ಇಂಗ್ಲಿಷ್ ಚೆನ್ನಾಗಿ ಬಲ್ಲವನೆಂದು ಕಾವುಮನನ್ನು ಸೇರಿಸಿಕೊಂಡಿದ್ದಳು. ಈ ವಾರ ಏಳನೆಯ ಭಾಗ ಬಂತು. ಕಾವುಮ ಪರದೆಯ ಮೇಲಿನ ಒಂದೊಂದು ಸಾಲನ್ನೂ ಓದಿ, ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಹೇಳಿದ. ಎಡವಟ್ಟಾಗಿದ್ದೇ ಅಲ್ಲಿ.

“ನಾಕನೇ ಭಾಗ ನೆನಪು ಮಾಡ್ಕೋ,” ಎಂದು ಲುಬೆಗಾ ಬೆಂಚಿನಿಂದ ಇಳಿದು ಗರ್ಜಿಸಿದ. “ನಮ್ಮ ಹೀರೊ ಕಲುಂಗಿ ಹೆಣ್ಣು ಕೇಳೋಕೆ ಹೋಗ್ತಾನೆ. ಆ ರೆಕ್ಕೆ ಇರೋ ಮಾವ ಇಪ್ಪತ್ತು ಹಸು ಕೇಳ್ತಾನೆ. ಕಲುಂಗಿ ಕತ್ತಿ ಕೆಳಗಿಟ್ಟು, ‘ನನ್ನ ತಾಯಿ ಇನ್ನೂ ಸಿಕ್ಕಿಲ್ಲ ಮಾವ, ನನ್ನ ಪರ ಮಾತಾಡೋರು ಯಾರು?’ ಅಂತಾನೆ. ಅದು ಬರವಣಿಗೆ!”

“ನಾಕರಲ್ಲಿ ಬರೀ ಹೊಡೆದಾಟ. ಎರಡನೇದರ ಮುಂದೆ ಅದು ಯಾವ ಲೆಕ್ಕ?” ಎಂದಳು ನಾಲೊಂಗೊ. “ಜ್ವರದಲ್ಲಿ ಮಲಗಿದಾಗ ಅವನಮ್ಮ ಕನಸಲ್ಲಿ ಬಂದು ಗಂಜಿ ಕುಡಿಸ್ತಾಳಲ್ಲ? ಅವತ್ತು ಒಲೆ ಮೇಲೆ ಇಟ್ಟಿದ್ದ ಚಪಾತಿಯೆಲ್ಲ ಸೀದುಹೋಯ್ತು ನಂದು.”

“ಕನಸು ತೋರಿಸೋದು ಬರೆಯೋಕೆ ಬರದೋರ ಕೆಲಸ!”

“ಹಸು ಎಣಿಸೋದು ಕಟುಕರ ಕೆಲಸ!”

ಇನ್ನೇನು ಕೈ ಕೈ ಮಿಲಾಯಿಸಬೇಕು, ಅಷ್ಟರಲ್ಲಿ ಇಬ್ಬರಿಗೂ ಒಟ್ಟಿಗೆ ಕಾವುಮನ ನೆನಪಾಯಿತು. ನೊಣ ಬಿಟ್ಟು ಬೆಲ್ಲಕ್ಕೆ ತಿರುಗಿದ ಇರುವೆಗಳಂತೆ ಅವನತ್ತ ತಿರುಗಿದರು.

“ಚಿತ್ರವೇನೋ ಚೆನ್ನಾಗಿದೆ ಈ ಸಲ,” ಎಂದ ಲುಬೆಗಾ. “ಹಣೆ ಮೇಲಿನ ಬೆವರಿನ ಹನೀನೂ ಕಾಣುತ್ತೆ. ಆದ್ರೆ ಅವನು ಯಾರಿಗಾಗಿ ಬೆವರ್ತಿದ್ದಾನೆ? ಅದು ಹೇಳು. ಅಮ್ಮ ಎಲ್ಲಿ?”

ಕಾವುಮ ಬುದ್ಧಿವಂತನಾಗಿದ್ದರೆ ಆಗ ಸುಮ್ಮನಿರುತ್ತಿದ್ದ. ಬುದ್ಧಿವಂತನಲ್ಲ, ಓದಿದವನು. “ಅಮ್ಮ ಇಲ್ಲ ಅಣ್ಣ,” ಎಂದ ಮೈಕಿನಲ್ಲೇ. “ಯಾವ ಸಾಲಲ್ಲೂ ಇಲ್ಲ. ಅವನ ಹೆಸರೂ ಕಲುಂಗಿ ಅಲ್ಲ, ಕ್ಯಾಪ್ಟನ್ ವರ್ನ್. ಅವನು ಹುಡುಕ್ತಿರೋದು ನೀಲಿ ಕಲ್ಲು.”



“ಕಲ್ಲಾ?” ಎಂದಳು ನಾಲೊಂಗೊ, ಯಾರೋ ಸತ್ತ ಸುದ್ದಿ ಕೇಳಿದವಳಂತೆ. “ಆರು ಭಾಗ ಹೆತ್ತವಳನ್ನ ಹುಡುಕಿದೋನು ಏಳರಲ್ಲಿ ಕಲ್ಲು ಹುಡುಕ್ತಾನಾ? ಯಾವನು ಬರೆದೋನು? ಅವನನ್ನ ಹೆತ್ತವಳು ಯಾರೂ ಇರಲಿಲ್ವಾ?”

ಮೊದಲ ಚಪ್ಪಲಿ ಪರದೆಯ ಪಕ್ಕಕ್ಕೆ ಬಿತ್ತು. ಎರಡನೆಯದು ಗುರಿ ತಪ್ಪಲಿಲ್ಲ.

ಜನ ಬೈಯುತ್ತ ಹೊರಗೆ ಹೋದ ಮೇಲೆ ಹಾಜತಿ ಬಂದಳು. ಮೆಕ್ಕಾಗೆ ಹೋಗಿ ಬಂದವಳು, ದನಿ ಎತ್ತಿ ಮಾತಾಡುವವಳಲ್ಲ. ಮೆಲ್ಲಗೆ ಮಾತಾಡಿದಳೆಂದರೇ ಭಯ. “ಕಾವುಮ, ಸಂಜೆ ಆಟಕ್ಕೆ ಜನ ಬರಬೇಕು. ಬಂದೋರು ಕೂತಿರಬೇಕು. ಆಟದ ಮಧ್ಯೆ ಬೆಂಚು ಖಾಲಿಯಾಯ್ತೋ, ಮೈಕು ಅಲ್ಲೇ ಇಟ್ಟು ಹೊರಡು.”

“ನಾನು ಇರೋದನ್ನ ಇದ್ದ ಹಾಗೆ ಹೇಳಿದೆ ಹಾಜತಿ.”

“ಇರೋದನ್ನ ಕೇಳೋಕೆ ಅವರು ಇಲ್ಲಿಗೆ ಯಾಕಪ್ಪ ಬರಬೇಕು? ಮನೇಲೇ ಇದೆಯಲ್ಲ.”

ಮೈಕು ಹೋದರೆ ಕಾವುಮನಿಗೆ ಉಳಿಯುತ್ತಿದ್ದುದು ಭಾವನ ಇಟ್ಟಿಗೆ ಗೂಡು. ಅಲ್ಲಿ ಒಂದು ವರ್ಷ ಬೆನ್ನು ಸುಟ್ಟುಕೊಂಡಿದ್ದ. ಅದಕ್ಕಿಂತ ಹೆಚ್ಚಾಗಿ, ಆ ಮೈಕೆಂದರೆ ಅವನಿಗೆ ಪ್ರಾಣ. ಕಟೆಂಡೆ ತಾತನ ಹತ್ತಿರ ಹೋದರೆ ಏನಾದರೂ ದಾರಿ ಸಿಕ್ಕೀತು ಎಂದು ಬಾಡಿಗೆಯ ಬೋಡಾ ಬೈಕು ಹತ್ತಿ ಅವನ ಹಳ್ಳಿ ನ್ಸಂಗಿಯ ಕಡೆ ಹೊರಟ.

ಬೋಡಾದವನು ಮಾತುಗಾರ. “ಖಡ್ಗ ನೋಡ್ತೀಯಾ ಅಣ್ಣ? ಕೆಟ್ಟಿದ್ದು ಐದರಿಂದ. ಐದರಲ್ಲಿ ಎಳೆದ್ರು, ಆರರಲ್ಲಿ ಇನ್ನೂ ಎಳೆದ್ರು.” ಎಷ್ಟು ಎಳೆದರೆಂದು ತೋರಿಸಲು ಎರಡೂ ಕೈ ಬಿಟ್ಟು ಅಗಲಿಸಿದ. ಎದುರಿಗೆ ಬಂದ ಲಾರಿ ಕೂಗಿಕೊಂಡು ಪಕ್ಕಕ್ಕೆ ಹೋಯಿತು. “ಈಗ ಏಳರಲ್ಲಿ ಅಮ್ಮನೇ ಇಲ್ವಂತೆ! ಕಲ್ಲಂತೆ! ಬೆಳಿಗ್ಗೆಯಿಂದ ಸ್ಟ್ಯಾಂಡಲ್ಲಿ ಅದೇ ಮಾತು.”

“ಕತೆಯ ತಪ್ಪಿಗೆ ಹೇಳುವವನು ಏನು ಮಾಡ್ತಾನೆ?” ಎಂದ ಕಾವುಮ, ನೊಂದು. “ನಾನು ಬರೆದಿದ್ದನ್ನ ಓದಿದೆ ಅಷ್ಟೆ.”

ಬೈಕು ಗಕ್ಕನೆ ನಿಂತಿತು. ಬೋಡಾದವನು ಹಿಂದಕ್ಕೆ ತಿರುಗಿ ಕಾವುಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

“ಕಲ್ಲು ಅಂದೋನು ನೀನೇನಾ?”

“ಅದು, ನೋಡಪ್ಪ...”

“ಇಳಿ.”

ಮಿಕ್ಕ ದಾರಿಯನ್ನು ಕಾವುಮ ನಡೆದ. ತಾತನ ಬಾಳೆತೋಟ ಮುಟ್ಟುವ ಹೊತ್ತಿಗೆ ಕೆಂಪು ಧೂಳು ಹತ್ತಿ, ಆಗ ತಾನೆ ಗೂಡಿನಿಂದ ತೆಗೆದ ಇಟ್ಟಿಗೆಯಂತಾಗಿದ್ದ.

“ತಾತ, ಒಂದು ಅರ್ಜೆಂಟು...”

“ರಾತ್ರಿ ಹೇಗೆ ಕಳೀತು ಮಗಾ?” ಎಂದ ತಾತ. ಅಲ್ಲಿನ ಕ್ಷೇಮಸಮಾಚಾರಕ್ಕೆ ಅದರದೇ ಗತ್ತಿದೆ; ಮನೆಗೆ ಬೆಂಕಿ ಬಿದ್ದಿದ್ದರೂ ಅದನ್ನು ಮುಗಿಸಿಯೇ ನೀರು ಕೇಳಬೇಕು.

“ಚೆನ್ನಾಗಿ ಕಳೀತು ತಾತ. ನಿಮ್ಮದು?”

“ಚೆನ್ನಾಗಿ. ಮನೇಲಿ ಎಲ್ಲ ಹೇಗಿದ್ದಾರೆ?”

“ಇದ್ದಾರೆ. ನಿಮ್ಮ ಮನೇಲಿ?”

“ಇದ್ದಾರೆ. ಕೆಲಸ ಮಾಡ್ತಿದ್ದೀಯಲ್ಲ, ಸಂತೋಷ.”

“ನೀವೂ ಮಾಡ್ತಿದ್ದೀರಲ್ಲ, ಸಂತೋಷ.”

“ಹೂಂ.”

“ಹೂಂ.”

“ಹೂಂ. ಈಗ ಹೇಳು.”

ಕಾವುಮ ಒಂದೇ ಉಸಿರಿಗೆ ಹೇಳಿದ. ಎರಡನೆಯ ಭಾಗದ ಗಂಜಿ, ನಾಲ್ಕರ ಹಸು, ಏಳರ ಕಲ್ಲು, ಚಪ್ಪಲಿ. “ಬರೆಯೋರು ಯಾಕೆ ತಾತ ಹೀಗೆ ಮಾಡಿದ್ರು? ಹಿಂದಿನ ಆರು ಭಾಗದಲ್ಲಿ ಇಂಗ್ಲಿಷಲ್ಲಿ ಏನಂತ ಇತ್ತು?”

ತಾತ ಬಾಳೆಯ ಒಣ ಎಲೆ ಕೊಯ್ಯುತ್ತ ನಕ್ಕ. “ನನಗೆ ಇಂಗ್ಲಿಷ್ ಎಲ್ಲಿ ಬರುತ್ತೆ ಮಗಾ? ಅವರ ಬಾಯಿ ಅಲ್ಲಾಡ್ತಿತ್ತು. ನಾನು ತುಂಬ್ತಿದ್ದೆ.”

ಕಾವುಮ ಒಂದೊಂದೇ ಬೆರಳು ಮಡಿಸತೊಡಗಿದ. “ಹಸು?”

“ನಂದು.”

“ಗಂಜಿ?”

“ನಂದೇ. ಅವತ್ತು ನನಗೂ ಜ್ವರ ಇತ್ತು.”

“ಅಮ್ಮ?”

ತಾತ ಕತ್ತಿ ಕೆಳಗಿಟ್ಟ. “ಮೊದಲನೇ ದಿನ ಒಬ್ಬ ಗಂಡಸು ಒಬ್ಬನೇ ಬೆಟ್ಟ ಹತ್ತಿ ಹೋಗ್ತಿದ್ದ. ‘ಎಲ್ಲಿಗೆ ಹೊರಟ?’ ಅಂತ ಜನ ಕೇಳಿದ್ರು. ನನಗೆ ಗೊತ್ತಿರಲಿಲ್ಲ. ಅಷ್ಟು ದೂರ ಒಬ್ಬನೇ ಇನ್ನು ಯಾರಿಗಾಗಿ ಹೋಗ್ತಾರೆ ಅನ್ನಿಸ್ತು. ಅಮ್ಮನ್ನ ಹುಡುಕೋಕೆ ಅಂದೆ. ಹಾಲೆಲ್ಲ ಹೌದು ಅಂತು.”

“ಹಂಗಾದ್ರೆ ಅವಳು ಎಲ್ಲಿದ್ದಾಳೆ ತಾತ?”

“ನನಗೇನು ಗೊತ್ತು? ಹತ್ತು ವರ್ಷ ನಾನೂ ಹುಡುಕಿದೆ.”

ಕಾವುಮನಿಗೆ ಮೊದಲು ಸಿಟ್ಟು ಬಂತು. ಗೇಮು ಮಾಡಿದ ಜಪಾನಿನವರ ಬರವಣಿಗೆ ಕೆಟ್ಟಿತೆಂದು ಊರೆಲ್ಲ ಬಡಿದಾಡುತ್ತಿದೆ. ಒಳ್ಳೆಯ ಬರವಣಿಗೆಯೆಲ್ಲ ಈ ಬಾಳೆತೋಟದ್ದು! ಆದರೆ ವಾಪಸು ನಡೆಯುತ್ತ ನಡೆಯುತ್ತ ಸಿಟ್ಟು ಇಳಿದು, ಅದರ ಜಾಗದಲ್ಲಿ ಬೇರೇನೋ ಏರತೊಡಗಿತು. ಹತ್ತು ವರ್ಷ ತಾತನಿಗೆ ಸಿಗದ ತಾಯಿಯನ್ನು ತಾನು ಈ ಸಂಜೆಯೇ ಹುಡುಕಿ ಕೊಟ್ಟರೆ? ಆಗ ನೋಡಲಿ ನಟೇಟೆ, ಕಾವುಮನೆಂದರೆ ಯಾರೆಂದು!

ಸಂಜೆ ಹಾಲು ಕಿಕ್ಕಿರಿದಿತ್ತು. ಅರ್ಧ ಜನ ಕತೆ ಕೇಳಲು, ಅರ್ಧ ಜನ ಚಪ್ಪಲಿ ಎಸೆಯಲು. ಬಾಗಿಲಲ್ಲಿ ಹಾಜತಿ ಕೈಕಟ್ಟಿ ನಿಂತಿದ್ದಳು.

ಕಾವುಮ ಮೈಕು ಎತ್ತಿಕೊಂಡ. ಪರದೆಯ ಮೇಲಿನ ಅಕ್ಷರಗಳನ್ನು ಓದದಂತೆ ಕಣ್ಣು ಕಿರಿದು ಮಾಡಿಕೊಂಡ. “ಮಹಾಜನರೇ, ಬೆಳಿಗ್ಗೆ ಕಲ್ಲು ಅಂದೆನಲ್ಲ? ಅದು ಬರೀ ಕಲ್ಲಲ್ಲ. ಕಲುಂಗಿಯ ಅಮ್ಮನ ಕೊರಳ ಮಣಿ!”

“ಹಾಗೆ ಹೇಳು ಮತ್ತೆ!” ಎಂದು ಲುಬೆಗಾ ತೊಡೆ ತಟ್ಟಿದ. ಎಸೆಯಲು ಬಿಚ್ಚಿದ್ದ ಚಪ್ಪಲಿಗಳು ಒಂದೊಂದಾಗಿ ಕಾಲಿಗೆ ಮರಳಿದವು.

ಕಲುಂಗಿ ಕಾಡು ದಾಟಿದ, ಸೇತುವೆ ದಾಟಿದ, ಒಂದು ಕೋಟೆ ಹೊಕ್ಕ. “ಈ ಬಾಗಿಲ ಹಿಂದೆ,” ಎಂದು ಕಾವುಮ ದನಿ ನಡುಗಿಸಿದ, “ಹತ್ತು ವರ್ಷದಿಂದ ಕಾದವಳು ಇದ್ದಾಳೆ!” ಬಾಗಿಲು ತೆರೆಯಿತು. ಒಳಗಿದ್ದದ್ದು ಎರಡಾಳೆತ್ತರದ ರಾಕ್ಷಸ. ತಲೆಯ ಮೇಲೆ ಕೊಂಬು, ಮೈಯೆಲ್ಲ ಕಬ್ಬಿಣ, ಕೈಯಲ್ಲಿ ಮರದ ಬೊಡ್ಡೆಯಷ್ಟು ದಪ್ಪದ ಗದೆ.

ಕಾವುಮ ಪರದೆಯತ್ತ ನೋಡಿದ, ಬಾಗಿಲಲ್ಲಿದ್ದ ಹಾಜತಿಯತ್ತ ನೋಡಿದ. ಆದರೆ ಬಾಯಿಂದ ಹೋದ ಮಾತು ಹೋಗಿತ್ತು.

“ಅಮ್ಮಾ!” ಎಂದು ಕೂಗಿದ. “ಶಾಪ! ದುಷ್ಟರ ಶಾಪದಿಂದ ಹೀಗಾಗಿದ್ದಾಳೆ!”

ಓಪಿಯೊಗೆ ಕತೆ ಕೇಳುವ ಅಭ್ಯಾಸವಿರಲಿಲ್ಲ. ಅವನು ಎಂದಿನಂತೆ ಕತ್ತಿ ಬೀಸಿ ರಾಕ್ಷಸನ ಮೊಣಕಾಲಿಗೆ ಒಂದು ಕೊಟ್ಟ.

“ಲೋ! ಅಮ್ಮನ್ನ ಹೊಡೀತೀಯೇನೋ!” ನಾಲೊಂಗೊ ಎದ್ದು ನಿಂತಳು. ಲುಬೆಗಾ ಎರಡು ಬೆಂಚು ಹಾರಿ ಹೋಗಿ ಓಪಿಯೊನ ಎರಡೂ ಕೈಗಳನ್ನು ಕುರಿಯ ಕಾಲಿನಂತೆ ಒತ್ತಿ ಹಿಡಿದ. ಪರದೆಯ ಮೇಲೆ ಕಲುಂಗಿ ಕೈ ಕೆಳಗೆ ಬಿಟ್ಟು ಸುಮ್ಮನೆ ನಿಂತ. ಗದೆ ಮೇಲೆದ್ದು ಧಡ್ ಎಂದು ಅವನ ಬೆನ್ನಿಗೆ ಬಿತ್ತು.

“ಬೈತಿದ್ದಾಳೆ!” ಎಂದ ಕಾವುಮ, ಈಗ ಅವನಿಗೇ ಮೈಮೇಲೆ ಬಂದಂತಾಗಿತ್ತು. “‘ಇಷ್ಟು ವರ್ಷ ಎಲ್ಲಿ ಹೋಗಿದ್ಯೋ! ನೀನು ತಿಂದ್ಯೋ ಇಲ್ವೋ ಅಂತ ನಾನು ಯಾರನ್ನ ಕೇಳಬೇಕಿತ್ತು!’”

ಧಡ್!

“‘ಒಂದು ಸಲ ಬಂದು ಹೋಗೋಕೆ ನಿನಗೆ ದಾರಿ ಇರಲಿಲ್ವಾ!’”

“ಹೊಡೀಲಿ ಬಿಡಿ,” ಎಂದು ಲುಬೆಗಾ ಬಿಕ್ಕಿದ. ಓಪಿಯೊನ ಕೈಯ ಮೇಲೆ ಅವನ ಕಣ್ಣೀರು ತೊಟ್ಟಿಕ್ಕಿತು. “ಅವಳಲ್ಲದೆ ಇನ್ಯಾರು ಹೊಡೀಬೇಕು!”

ಮೂರನೆಯ ಏಟಿಗೆ ಕಲುಂಗಿ ಮೊಣಕಾಲೂರಿ, ಮೆಲ್ಲಗೆ ಆ ಕಬ್ಬಿಣದ ಪಾದಗಳ ಮೇಲೆ ಒರಗಿದ. ಪರದೆ ಕಪ್ಪಾಯಿತು. ನಡುವೆ ಕೆಂಪಾಗಿ ಎರಡು ದೊಡ್ಡ ಪದಗಳು ಮೂಡಿದವು.

“ಏನಂತ ಬರೆದಿದೆಯಪ್ಪ?” ಎಂದು ಕೇಳಿದಳು ನಾಲೊಂಗೊ, ಸುತ್ತಿಕೊಂಡಿದ್ದ ಬಟ್ಟೆಯ ತುದಿಯಿಂದ ಕಣ್ಣೊರೆಸುತ್ತ.

ನೀನು ಸತ್ತೆ ಎಂದು ಬರೆದಿತ್ತು.

“‘ಮನೆಗೆ ಬಂದ’ ಅಂತ,” ಎಂದ ಕಾವುಮ.

ಇಡೀ ಹಾಲು ಎದ್ದು ನಿಂತಿತು. ಹಿಂದಿನ ಬೆಂಚಿನವರು ಮುಂದೆ ಬಂದು ಅವನ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಎರಡು, ನಾಲ್ಕು ಎಂದು ಕಿತ್ತಾಡುತ್ತಿದ್ದವರು, ಏಳರ ಮುಂದೆ ಯಾವುದೂ ಇಲ್ಲ ಎಂದು ಒಂದೇ ಬಾಯಲ್ಲಿ ಒಪ್ಪಿದರು. ಕಾವುಮನ ಎದೆ ರೊಟ್ಟಿಯಂತೆ ಉಬ್ಬಿತು. ಹಾಜತಿಯ ಕಡೆ ಒಂದು ನೋಟ ಬೀರಿ, “ಓಪಿಯೊ, ಮುಂದಕ್ಕೆ ನಡೆಸು,” ಎಂದ.

ಆದರೆ ಯಾರೂ ಮತ್ತೆ ಕೂರಲಿಲ್ಲ. ನಾಲೊಂಗೊ ಬೆಂಚಿನ ಮೇಲೆ ಹಾಸಿಕೊಂಡಿದ್ದ ಚಾಪೆ ಸುತ್ತಿಕೊಂಡಳು.

“ಎಲ್ಲಿಗೆ ನಾಲೊಂಗೊ? ಇನ್ನೂ ಆಟ ಇದೆ!”

“ಇನ್ನೇನು ಆಟ? ಸಿಕ್ಕಿದ್ಲಲ್ಲ.” ಅವಳು ಮೂಗೊರೆಸಿಕೊಂಡಳು. “ನಮ್ಮಮ್ಮ ಕಳೆದ ತಿಂಗಳಿಂದ ಬಾ ಬಾ ಅಂತಿದ್ದಾಳೆ ಕಣಪ್ಪ. ಹೋಗಿ ಬರ್ತೀನಿ.”

ಅವಳ ಹಿಂದೆ ಒಬ್ಬ, ಅವನ ಹಿಂದೆ ನಾಲ್ವರು. ಒಬ್ಬ ಮಸಾಕದ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸುತ್ತಿದ್ದ. ಇನ್ನೊಬ್ಬ ತಾಯಿಗೆ ಸಕ್ಕರೆ ಒಯ್ಯಲೋ ಸೋಪು ಒಯ್ಯಲೋ ಎಂದು ಪಕ್ಕದವನನ್ನು ಕೇಳುತ್ತಿದ್ದ. ಬೆಂಚುಗಳು ಒಂದೊಂದಾಗಿ ಬೋಳಾದವು. ಓಪಿಯೊ ಗುಂಡಿ ಒತ್ತಿದ. ಕಲುಂಗಿ ಏನೂ ಆಗದವನಂತೆ ಕೋಟೆಯ ಹೊರಗೆ ಎದ್ದು ನಿಂತ. ನೋಡುವವರಿರಲಿಲ್ಲ.

ಹಾಜತಿ ಒಳಗೆ ಬಂದಳು. ಒಂದು ಕಿವಿಗೆ ಫೋನು ಒತ್ತಿಕೊಂಡಿದ್ದಳು. “ಅಮ್ಮಾ, ನಾನೇ. ಊಟ ಆಯ್ತಾ?” ಎನ್ನುತ್ತಲೇ, ಇನ್ನೊಂದು ಕೈಯಿಂದ ಖಾಲಿ ಬೆಂಚುಗಳನ್ನು ತೋರಿಸಿ, ಆಮೇಲೆ ಮೈಕನ್ನು ತೋರಿಸಿ, ಕೊನೆಗೆ ಸ್ಟೂಲನ್ನು ತೋರಿಸಿದಳು. ಅಲ್ಲಿಡು ಎಂದರ್ಥ.

ಉಳಿದವನು ಲುಬೆಗಾ ಒಬ್ಬನೇ. ಅವನೂ ಬಾಗಿಲ ಹತ್ತಿರ ಚಪ್ಪಲಿ ಮೆಟ್ಟುತ್ತಿದ್ದ. ಕಾವುಮ ಮೈಕನ್ನು ಎರಡೂ ಕೈಯಲ್ಲಿ ಹಿಡಿದು, ಬೀದಿಯ ಸ್ಪೀಕರಿನಲ್ಲೂ ಕೇಳುವಂತೆ ಕಿರುಚಿದ:

“ಲುಬೆಗಾ ಅಣ್ಣ! ನಿಲ್ಲು! ಕತೆ ಮುಗಿದಿಲ್ಲ! ಕಲುಂಗಿಯ ಅಪ್ಪ ಇನ್ನೂ ಸಿಕ್ಕಿಲ್ಲ!”

ಲುಬೆಗಾ ತಿರುಗಿದ. ಅತ್ತು ಅತ್ತು ಕಣ್ಣು ಕೆಂಪಾಗಿದ್ದರೂ ಮುಖದಲ್ಲಿ ಒಂದು ಕಳೆಯಿತ್ತು.

“ಅವನಪ್ಪನ್ನ ಮೂರನೇ ಭಾಗದಲ್ಲೇ ಹೂತಿದ್ದೀವಿ ಕಣೋ,” ಎಂದ ಪ್ರೀತಿಯಿಂದ. “ಹಾಲಲ್ಲೇ ಸೂತಕ ಕೂತಿದ್ವಿ. ಊಟಕ್ಕೆ ಮಾಂಸ ತಂದೋನೇ ನಾನು.”

ಅಷ್ಟು ಹೇಳಿ ಹೆಗಲ ಮೇಲೆ ಟವೆಲು ಹಾಕಿಕೊಂಡು ರಸ್ತೆ ದಾಟಿದ. ಮಿಟ್ಯಾನದ ವ್ಯಾನಿಗೆ ಕೈಯೊಡ್ಡಿ ಹತ್ತಿದ. ತಾಯಿಯ ಊರಿನ ಕಡೆ ಹೊರಟೇಹೋದ.