ನಲವತ್ತೊಂದರ ಒಡೆಯ

ಬೆಳಿಗ್ಗೆ ಆರಕ್ಕೆ ರೊಡೆಲಿಯೊ ಒಲೆಯಿಂದ ಬ್ರೆಡ್ಡಿನ ಮೊದಲ ತಟ್ಟೆ ತೆಗೆಯುತ್ತಿದ್ದಾಗ ಎದುರುಮನೆಯ ಟೆಯೊಡುಲ ಅಜ್ಜಿ ಬೀದಿಗೆಲ್ಲ ಕೇಳುವಂತೆ ಕೂಗಿದಳು: "ಕೇಳ್ರಪ್ಪೋ, ಆ ನಲವತ್ತೊಂದು ಇವತ್ತೂ ಇನ್ನೂರು ವೋಟು ಹಾಕಿದೆ, ಕ್ಯಾಪ್ಟನ್ ಮಗಳಿಗೆ!"

ತಟ್ಟೆ ನೆಲಕ್ಕೆ ಬಿತ್ತು.

ಆ ಊರಲ್ಲಿ ಹಬ್ಬದ ರಾಣಿ ಆಯ್ಕೆಯಾಗುವುದು ಚೆಲುವಿನಿಂದಲ್ಲ, ಕಾಣಿಕೆಯಿಂದ. ಒಂದು ಪೆಸೊಗೆ ಒಂದು ವೋಟು. ದುಬೈಯಲ್ಲಿರುವ ನೆಂಟರೂ ಹಾಕಲೆಂದು ಈ ವರ್ಷ ಕಾಣಿಕೆಯನ್ನು ಕ್ರಿಪ್ಟೊದಲ್ಲಿ ಮಾಡಿದ್ದರು. ಹಾಕಿದವರ ಹೆಸರಿರುವುದಿಲ್ಲ, ಬರೀ ಖಾತೆಯ ಸಂಖ್ಯೆ. ಆದರೆ ಯಾವ ಸಂಖ್ಯೆ ಯಾರಿಗೆ ಎಷ್ಟು ಕಳಿಸಿತೆಂದು ಯಾರು ಬೇಕಾದರೂ ಫೋನಿನಲ್ಲಿ ನೋಡಬಹುದು. ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಊರವರ ಪೋಸ್ಟ್‌ಕಾರ್ಡುಗಳನ್ನೆಲ್ಲ ಓದಿ ನಿವೃತ್ತಳಾದ ಟೆಯೊಡುಲ ಅಜ್ಜಿಗೆ ಕಳೆದುಹೋದ ಕೆಲಸ ವಾಪಸು ಸಿಕ್ಕಂತಾಗಿತ್ತು.

ನಲವತ್ತೊಂದರಲ್ಲಿ ಮುಗಿಯುವ ಸಂಖ್ಯೆ ರೊಡೆಲಿಯೊನದು. ಅವನ ಹೆಂಡತಿಯ ಅಕ್ಕನ ಮಗಳು, ಅವನ ಮನೆಯಲ್ಲೇ ಬೆಳೆದ ಲಿಗಾಯಾ, ಊರಿನ ಮುಖ್ಯಸ್ಥ ಕ್ಯಾಪ್ಟನ್ ಹಸಿಂತೊನ ಮಗಳಿಗೆ ಎದುರಾಳಿ. ಗೆದ್ದವಳ ಮನೆಯವರು ಮೂರು ದಿನ ಊರಿಗೆಲ್ಲ ಹಂದಿ ಸುಟ್ಟು ಬಡಿಸಬೇಕು. ರೊಡೆಲಿಯೊಗೆ ಹುಡುಗಿಯ ಮೇಲೆ ಕೋಪವಿರಲಿಲ್ಲ. ಊರಿನ ಹೊಟ್ಟೆಯ ಬಗ್ಗೆ ಭಯವಿತ್ತು.

"ಆ ನಲವತ್ತೊಂದು ಕೈಗೆ ಸಿಗಲಿ," ಹೆಂಡತಿ ಪಸಿಟಾ ಲಟ್ಟಣಿಗೆ ಝಳಪಿಸಿದಳು, "ಹಿಟ್ಟು ನಾದಿದ ಹಾಗೆ ನಾದ್ತೀನಿ."

ರೊಡೆಲಿಯೊ ಮೈಮೇಲಿನ ಹಿಟ್ಟನ್ನೂ ಒರೆಸಿಕೊಳ್ಳದೆ ಗ್ರಾಮ ಕಚೇರಿಗೆ ಓಡಿದ.

"ಕ್ಯಾಪ್ಟನ್, ಈ ಅಜ್ಜಿ ಜನರ ಖಾಸಗಿ ವಿಷಯಕ್ಕೆ ಕೈ ಹಾಕ್ತಿದಾಳೆ. ಕಾನೂನಿದೆಯೋ ಇಲ್ವೋ?"

ಕ್ಯಾಪ್ಟನ್ ಹಸಿಂತೊ ಅಜ್ಜಿಯನ್ನು ಕರೆಸಿದ. ಹಿಂದೆಯೇ ಅರ್ಧ ಬೀದಿ ಬಂತು.

"ಬೀದಿ ಗೋಡೆ ಮೇಲೆ ಬರೆದದ್ದನ್ನ ಓದಿದ್ರೆ ತಪ್ಪೇನಪ್ಪಾ?" ಎಂದಳು ಅಜ್ಜಿ. "ನಾನೇನು ಯಾರ ಜೇಬಿಗೆ ಕೈ ಹಾಕಿದ್ನಾ? ಯಾವ ಸಂಖ್ಯೆ ಯಾವ ಹೊತ್ತಿಗೆ ಹಾಕುತ್ತೆ ಅಂತ ಬರ್ಕೊಂಡಿದೀನಿ. ಸಂಜೆಯೊಳಗೆ ಒಬ್ಬೊಬ್ಬರ ಹೆಸರೂ ಹೇಳ್ತೀನಿ."

ಯಾಕೋ ಕ್ಯಾಪ್ಟನ್ನೂ ಬೆವರಿದ. ಮೇಜು ಕುಟ್ಟಿ ಹೇಳಿದ: "ನೋಡೋದು ತಪ್ಪಲ್ಲ. ಸಂಖ್ಯೆಗೆ ಹೆಸರು ಅಂಟಿಸೋದು ತಪ್ಪು! ಯಾರ ಹೆಸರು ಬಾಯಿಬಿಟ್ರೂ ಹದಿನೈದು ದಿನ ಚರಂಡಿ ಗುಡಿಸ್ಬೇಕು."

ರೊಡೆಲಿಯೊ ಅವನ ಕೈಗೆ ಮುತ್ತಿಡುವುದೊಂದು ಬಾಕಿ.

ಗುಮಾಸ್ತ ದೂರಿನ ಪುಸ್ತಕ ತೆರೆದ. "ಇದರಲ್ಲಿ ನಿಂಗೇನು ಸಂಬಂಧ? ಸಂಬಂಧ ಇಲ್ದೋರ ದೂರು ಬರ್ಕೊಳ್ಳಲ್ಲ."

ರೊಡೆಲಿಯೊ ಬಗ್ಗಿ ಅವನ ಕಿವಿಯಲ್ಲಿ ಉಸುರಿದ. ಗುಮಾಸ್ತ ಬರೆದ. ಆಮೇಲೆ, ಪ್ರತಿ ದೂರಿಗೂ ಸಹಿಗೆ ಮುಂಚೆ ಮಾಡುವಂತೆ, ಮೈಕು ಹಿಡಿದು ಊರ ನಾಲ್ಕೂ ಮೂಲೆಯ ಧ್ವನಿವರ್ಧಕಗಳಲ್ಲಿ ಓದಿದ:

"ನಲವತ್ತೊಂದರ ಒಡೆಯನಾದ ಬೇಕರಿ ರೊಡೆಲಿಯೊ, ತನ್ನ ಗುಟ್ಟನ್ನು ಕಾಪಾಡಬೇಕೆಂದು ಕೋರಿ..."

ಪಸಿಟಾ ಲಟ್ಟಣಿಗೆ ಸಮೇತ ಬರಲು ನಾಲ್ಕು ನಿಮಿಷ ಸಾಕಾಯಿತು.

ಮಧ್ಯಾಹ್ನ ಎಣಿಕೆ ಮುಗಿಯಿತು. ಕೊನೆ ಗಳಿಗೆಯಲ್ಲಿ ಎಂಬತ್ತೆಂಟರಲ್ಲಿ ಮುಗಿಯುವ ಸಂಖ್ಯೆ ಎರಡು ಸಾವಿರ ವೋಟು ಸುರಿದು ಲಿಗಾಯಾಳನ್ನು ಗೆಲ್ಲಿಸಿತ್ತು.

ಇಳಿಹೊತ್ತಿಗೆ ಊದಿದ ಭುಜದಲ್ಲಿ ಹಂದಿಯ ಸಲಾಕೆ ತಿರುಗಿಸುತ್ತ ರೊಡೆಲಿಯೊ ಕೇಳಿದ: "ಅಜ್ಜೀ, ಯಾವ ಮನೆಹಾಳ ಆ ಎಂಬತ್ತೆಂಟು? ನಿಂಗೆ ಗೊತ್ತಲ್ವಾ?"

"ಗೊತ್ತಿಲ್ದೆ ಏನು?" ಅಜ್ಜಿ ಕ್ಯಾಪ್ಟನ್ ಕಡೆ ಓರೆಗಣ್ಣಲ್ಲಿ ನೋಡುತ್ತ ಮೂಳೆ ಚೀಪಿದಳು. "ಆದ್ರೆ ನೀನೇ ಅಲ್ವೇನಪ್ಪಾ ನನ್ನ ಬಾಯಿಗೆ ಬೀಗ ಹಾಕಿಸಿದ್ದು?"

ಅಷ್ಟರಲ್ಲಿ, ಮಗಳು ಸೋತ ದುಃಖದಲ್ಲಿ ಮೂರನೇ ಸಲ ತಟ್ಟೆ ಚಾಚಿದ ಕ್ಯಾಪ್ಟನ್ ಹಸಿಂತೊ ಕೂಗಿದ:

"ಗರಿಗರಿ ತೊಗಲು ನಂಗಿರಲಿ ಕಣಯ್ಯಾ, ನಲವತ್ತೊಂದೂ!"