ಐತಾಳರ ಬೇಸಣು

ಹೆಂಡತಿ ಬೈದರೆ ಗಂಡಸು ಹೇಗೋ ಬದುಕುತ್ತಾನೆ. ತಿರುಗಿ ಬೈಯಬಹುದು, ಅಂಗಿ ಸಿಕ್ಕಿಸಿಕೊಂಡು ಹೊರಗೆ ಹೋಗಬಹುದು, ಕಿವಿ ಕೇಳದವನ ಹಾಗೆ ಪೇಪರು ಓದಬಹುದು. ಆದರೆ ಹೆಂಡತಿ ಮಾತೇ ಆಡದಿದ್ದರೆ? ಅದಕ್ಕೆ ಯಾವ ಪೇಪರೂ ಅಡ್ಡ ಹಿಡಿಯಲು ಸಾಲದು.

ತೊಂಬತ್ತೈದರ ಏಪ್ರಿಲ್ಲಿನಲ್ಲಿ ಜನಾರ್ದನ ಐತಾಳರ ಗತಿ ಇದು. ಕೋಟದಿಂದ ಅಹಮದಾಬಾದಿಗೆ ಬಂದು, ಮಣಿನಗರ ಸ್ಟೇಷನ್ನಿನ ಎದುರು ಇಪ್ಪತ್ತೆರಡು ವರ್ಷದಿಂದ ಉಡುಪಿ ಹೋಟೆಲು ನಡೆಸುತ್ತಿದ್ದ ಮನುಷ್ಯ. ಮೂಗಿನ ತುದಿಯಲ್ಲೇ ಸಿಟ್ಟು. ಅನ್ನ ಮುದ್ದೆಯಾದರೆ “ಎಂತ ಸಾವು!”, ಕರೆಂಟು ಹೋದರೆ “ಎಂತ ಸಾವು!”, ಚಪ್ಪಲಿ ಸಿಕ್ಕದಿದ್ದರೂ “ಎಂತ ಸಾವು ಮಾರಾಯ್ತಿ ಇದು!” (ನಮ್ಮ ಕರಾವಳಿಯಲ್ಲಿ ಈ ಮಾತಿಗೆ ಯಾರೂ ಸಾಯಬೇಕಾಗಿಲ್ಲ. ಏನೋ ರಗಳೆ ಎಂದಷ್ಟೇ ಅರ್ಥ.) ಇಂಥವರ ಜೊತೆ ಅವರ ಪತ್ನಿ ಶಕುಂತಲಮ್ಮ ಮಾತು ಬಿಟ್ಟು ಮೂವತ್ತಾರು ದಿನ ಆಗಿತ್ತು.

ಕಾರಣ ಒಂದು ಮರ. ಮರ ಎಂದರೆ ಒಂದು ಮೊಳ ಎತ್ತರದ್ದು.

ಶಕುಂತಲಮ್ಮನಿಗೆ ಬೋನ್ಸಾಯಿ ಹುಚ್ಚು. ಆಲ, ಅರಳಿ, ಹುಣಸೆ ಎಂದು ಹನ್ನೆರಡು ಮಹಾವೃಕ್ಷಗಳನ್ನು ದೋಸೆಕಲ್ಲಿನಷ್ಟು ಅಗಲದ ಕುಂಡಗಳಲ್ಲಿ ಸಾಕಿದ್ದರು. “ದೊಡ್ಡದಾಗುವುದನ್ನು ತಂತಿ ಸುತ್ತಿ ಗಿಡ್ಡ ಮಾಡುವುದು ಯಾವ ವಿದ್ಯೆ? ಈ ಮನೆಯಲ್ಲಿ ನನಗೆ ಮಾಡಿದ್ದು ಸಾಕಾಗ್ಲಿಲ್ವಾ?” ಎಂದು ಐತಾಳರು ಕೇಳುತ್ತಿದ್ದರು. ಆ ಹನ್ನೆರಡರಲ್ಲಿ ಪಟ್ಟದರಾಣಿ ಒಂಬತ್ತು ವರ್ಷದ ಒಂದು ಕರಿಬೇವು.

ಒಂದು ಬೆಳಿಗ್ಗೆ ಮಾರ್ಕೆಟಿನಿಂದ ಸೊಪ್ಪು ಬರಲಿಲ್ಲ. ಹೋಟೆಲಿನಲ್ಲಿ ಕೊಪ್ಪರಿಗೆ ತುಂಬ ಸಾಂಬಾರು ಒಗ್ಗರಣೆಗೆ ಕಾದು ಕೂತಿದೆ. ಐತಾಳರು ಐದು ನಿಮಿಷದ ದಾರಿಯನ್ನು ಎರಡೇ ನಿಮಿಷದಲ್ಲಿ ಓಡಿ ಮನೆಗೆ ಬಂದವರು, ಎಲೆ ಬಿಡಿಸಲು ಪುರುಸೊತ್ತಿಲ್ಲದೆ ರೆಂಬೆ ಸಮೇತ ಕಚಕಚ ಕತ್ತರಿಸಿಕೊಂಡು ಹೋದರು. ಒಂಬತ್ತು ವರ್ಷದ ತಪಸ್ಸು ಒಂದು ಒಗ್ಗರಣೆಯಲ್ಲಿ ಚಟಪಟ ಎಂದು ಮುಗಿಯಿತು. (ಸಾಂಬಾರಿಗೆ ಆ ದಿನ ಒಳ್ಳೆ ಪರಿಮಳ ಬಂದಿತ್ತು ಎಂದು ಮನೆಗೆ ಬಂದು ಹೇಳಿದ್ದು ಅವರ ಎರಡನೇ ತಪ್ಪು.) ವಾರದಲ್ಲಿ ಮರ ಒಣಗಿತು. ಶಕುಂತಲಮ್ಮ ಅಳಲಿಲ್ಲ, ಬೈಯಲಿಲ್ಲ. ಖಾಲಿ ಕುಂಡವನ್ನು ತೊಳೆದು ಬಾಗಿಲ ಪಕ್ಕ ಇಟ್ಟರು. ಅಲ್ಲಿಂದ ಮಾತು ಬಂದ್.

ಸಂಸಾರದ ವ್ಯವಹಾರವೆಲ್ಲ ಕಾಲೇಜಿಗೆ ಹೋಗುವ ಮಗಳು ಮೇದಿನಿಯ ಮೂಲಕ. ಅವಳು ಹುಟ್ಟಿ ಬೆಳೆದದ್ದೇ ಮಣಿನಗರದಲ್ಲಿ. ಅವಳ ಕನ್ನಡ ಅರ್ಧ ಬೆಂದ ಇಡ್ಲಿ.

“ಪಪ್ಪಾ, ಮಮ್ಮಿ ಪೂಛ್ತದೆ, ಮಜ್ಜಿಗೆ ಬೇಕಾ ಅಂತ.”

“ನಿನ್ನ ಮಮ್ಮಿ ಮೂರಡಿ ದೂರದಲ್ಲಿ ಸೌಟು ಹಿಡ್ಕೊಂಡು ನಿಂತಿದ್ದಾಳೆ. ಅವಳಿಗೆ ಬಾಯಿ ಇಲ್ವಾ ಕೇಳು.”

ಮೇದಿನಿ ಮೂರಡಿ ನಡೆದು ಹೋಗಿ, ಕೇಳಿ, ಮೂರಡಿ ವಾಪಸು ಬಂದಳು. “ಬಾಯಿ ಉಂಟಂತೆ. ನಿಮ್ಮ ಜೊತೆ ಮಾತಾಡ್ಲಿಕ್ಕೆ ಇಲ್ಲಂತೆ.”

ಐತಾಳರು ಮಜ್ಜಿಗೆ ಬಿಟ್ಟು ಎದ್ದರು. ಕೈ ತೊಳೆಯುವಾಗ ಅಡುಗೆಮನೆಯಲ್ಲಿ ತಾಯಿ ಮಗಳ ಮಾತು ಕಿವಿಗೆ ಬಿತ್ತು. ವಡೋದರಾದ ಬೋನ್ಸಾಯಿ ಸಂಘದ ಮೂವರು ಹೆಂಗಸರು ಭಾನುವಾರ ನಾಲ್ಕು ಗಂಟೆಗೆ ಮರ ನೋಡಲು ಬರುತ್ತಾರೆ. ಶಕುಂತಲಮ್ಮನ ಮರಗಳನ್ನು ನೋಡಲೆಂದೇ ಹೊರಗಿನವರು ಬರುವುದು ಜನ್ಮದಲ್ಲಿ ಇದೇ ಮೊದಲು.

“ಮೂರು ವರ್ಷದಿಂದ ಒಂದು ಸ್ಟ್ಯಾಂಡ್ ಬೇಕು ಅಂತ ಬಡ್ಕೊಂಡೆ,” ಎನ್ನುತ್ತಿದ್ದರು ಶಕುಂತಲಮ್ಮ. “ನೆಲದಲ್ಲಿ ಇಟ್ರೆ ಈ ಬಿಸಿಲಿಗೆ ಕಲ್ಲು ಕಾದು ಬೇರು ಬೇಯ್ತದೆ. ಕುಂಡದ ಅಡಿಗೆ ಗಾಳಿ ಆಡ್ಬೇಕು, ನೀರು ಇಳಿದು ಹೋಗ್ಬೇಕು. ಮರ ಕಣ್ಣಿನ ಎತ್ತರಕ್ಕೆ ಇದ್ರೆ ಮರ. ಕಾಲಿನ ಹತ್ರ ಇದ್ರೆ ಕೊತ್ತಂಬರಿ ಸೊಪ್ಪು. ಈಗ ಬಂದವರು ಸೊಂಟ ಬಗ್ಗಿಸಿ ನೋಡ್ಬೇಕು, ನನ್ನ ಕರ್ಮ.”

ಐತಾಳರಿಗೆ ಅಲ್ಲಿಯತನಕ ಗೊತ್ತಿದ್ದ ಸ್ಟ್ಯಾಂಡ್ ಇಡ್ಲಿ ಸ್ಟ್ಯಾಂಡ್ ಒಂದೇ. ಆದರೂ ತಲೆಯಲ್ಲಿ ದೀಪ ಹತ್ತಿತು. ಸ್ಟ್ಯಾಂಡ್ ನಿಂತರೆ ಮಾತು ಬರುತ್ತದೆ!

ಹೋಟೆಲಿನ ಹಿತ್ತಲಲ್ಲಿ ಗಿರಾಕಿಗಳು ಇಪ್ಪತ್ತು ವರ್ಷ ಕೂತು ನುಣುಪು ಮಾಡಿದ ತೇಗದ ಬೆಂಚುಗಳು ಬಿದ್ದಿದ್ದವು. ಬಡಗಿಯನ್ನು ಕರೆಸಿದರು. ಹಲಗೆಗಳ ನಡುವೆ ಎರಡು ಬೆರಳು ಸಂದು ಬಿಡಬೇಕು ಎಂದರು. ಸಂದು ಬಿಟ್ಟರೆ ಸಾಮಾನು ಕೆಳಗೆ ಬೀಳುತ್ತದೆ ಶೇಠ್, ಎಂದ ಅವನು. ಬೀಳುವುದು ನೀರು, ಎಂದರು ಇವರು. ನೀರು ಬೀಳುವ ಹಾಗೆ ಯಾರಾದರೂ ಬೆಂಚು ಮಾಡುತ್ತಾರಾ ಎಂದು ಅವನು ನಕ್ಕ. ಐತಾಳರು ಬಡಗಿಯನ್ನು ಓಡಿಸಿ ಸುತ್ತಿಗೆ ಇಟ್ಟುಕೊಂಡರು.

ನಾಲ್ಕು ದಿನ ಹಿತ್ತಲಲ್ಲಿ ರಣರಂಗ. ಎಡಗೈಯ ಹೆಬ್ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಆದರೆ ಸಿಟ್ಟಿನ ಮನುಷ್ಯ ಹೊಡೆದ ಮೊಳೆ ಒಂದೂ ಅಲುಗಲಿಲ್ಲ. ಮೂರು ಮೆಟ್ಟಿಲಿನ ಸ್ಟ್ಯಾಂಡ್ ಎದ್ದು ನಿಂತಿತು. ಅಡುಗೆಮನೆಯ ಗೋಡೆಗೆ ಬಳಿದು ಉಳಿದಿದ್ದ ಬಿಳಿ ಪೇಂಟು ಅದಕ್ಕಾಯಿತು. ಶನಿವಾರ ಮಧ್ಯಾಹ್ನ, ದಾರಿಯ ಧೂಳು ಹಸಿ ಪೇಂಟಿಗೆ ಅಂಟಬಾರದೆಂದು ಮೇಲೆ ಬಿಳಿ ಪಂಚೆ ಹೊದೆಸಿ, ಹೋಟೆಲಿನ ನಾಲ್ವರ ಹೆಗಲ ಮೇಲೆ ಅಡ್ಡಡ್ಡ ಮಲಗಿಸಿ ಮನೆಗೆ ಕಳಿಸಿದರು. ತಾವು ಹಿಂದಿನ ಗಲ್ಲಿಯಿಂದ ಮೊದಲೇ ಹೋಗಿ ಕಾದರು. ಮೆರವಣಿಗೆ ಅವರ ಹೌಸಿಂಗ್ ಸೊಸೈಟಿಯ ಮುಂಬಾಗಿಲಿನಿಂದ ಮೆಲ್ಲಗೆ, ಎಚ್ಚರದಿಂದ ಒಳಗೆ ಬಂತು. ಎದುರುಮನೆಯ ರಸಿಕಭಾಯ್ ಅದನ್ನು ನೋಡಿ, ಜಗಲಿಯ ಕಟಕಟೆ ಹಿಡಿದು ಎದ್ದು ನಿಂತು, ಯಾಕೋ ಕೈಮುಗಿದರು.

ಅಂಗಳದಲ್ಲಿ ಸ್ಟ್ಯಾಂಡ್ ಇಳಿಯಿತು. ಶಕುಂತಲಮ್ಮ ಬಂದು ಒಂದು ಕಾಲು ಹಿಡಿದು ಅಲುಗಿಸಿದರು. ಅಲುಗಲಿಲ್ಲ. ಸಂದಿನೊಳಗೆ ಬೆರಳು ತೂರಿಸಿ ನೋಡಿದರು. ಒಂದೊಂದಾಗಿ ಹನ್ನೊಂದು ಮರಗಳನ್ನು ಎತ್ತಿಟ್ಟರು. ಕೊನೆಗೆ ಬಾಗಿಲ ಪಕ್ಕದ ಖಾಲಿ ಕುಂಡವನ್ನು ತಂದು ಮೇಲಿನ ಮೆಟ್ಟಿಲಿನ ನಟ್ಟನಡುವೆ ಇಟ್ಟರು. ಐತಾಳರಿಗೆ ಎದೆಯಲ್ಲಿ ಚುಳ್ಳೆಂದಿತು.

“ಮೇದಿನಿ, ಹೇಳು ನಿನ್ನಪ್ಪನಿಗೆ,” ಎಂದರು ಶಕುಂತಲಮ್ಮ. “ಗಟ್ಟಿ ಉಂಟು ಅಂತ.”

ಮಗಳ ಮೂಲಕವೇ ಬಂದ ಮಾತು; ಆದರೆ ಹೇಳುವಾಗ ಶಕುಂತಲಮ್ಮ ನೋಡಿದ್ದು ಗಂಡನ ಹೆಬ್ಬೆರಳನ್ನು. ಇನ್ನೊಂದು ದಿನ ಬಾಯಿ ಮುಚ್ಚಿಕೊಂಡಿದ್ದರೆ ಐತಾಳರು ಗೆಲ್ಲುತ್ತಿದ್ದರು. ಆದರೆ ತಾನು ಮಾಡಿದ್ದನ್ನು ಊರು ನೋಡಬೇಡವೇ?

ಸೊಸೈಟಿಯ ಗೇಟಿನಲ್ಲಿ ಒಂದು ಕರಿಹಲಗೆ ಇತ್ತು. ನೀರು ಬರುವ ಹೊತ್ತು, ಗರ್ಬಾದ ಸುದ್ದಿ ಎಲ್ಲ ಅದರ ಮೇಲೆ. ಐತಾಳರು ಸೀಮೆಸುಣ್ಣ ಹಿಡಿದು ನಿಂತರು. ಗುಜರಾತಿ ಅಕ್ಷರವೇನೋ ಹೋಟೆಲಿನ ತಿಂಡಿ ಪಟ್ಟಿ ಬರೆದೂ ಬರೆದೂ ಬರುತ್ತಿತ್ತು. ಸ್ಟ್ಯಾಂಡಿಗೆ ಗುಜರಾತಿಯಲ್ಲಿ ಏನೆನ್ನಬೇಕು? ಮಗಳನ್ನು ಕೇಳಬಹುದಿತ್ತು. ಕೇಳಿದರೆ ಐತಾಳರು ಹೇಗಾಗುತ್ತಾರೆ? ಇಪ್ಪತ್ತೆರಡು ವರ್ಷ ಗಿರಾಕಿಗಳಿಗೆ “ಬೇಸೋ, ಬೇಸೋ” ಎಂದು ಹೇಳಿ ಕೂರಿಸಿದವರು ಅವರು. ಬೇಸೋ ಎಂದರೆ ಕೂತುಕೊಳ್ಳಿ. ಹಾಗಾದರೆ ಕೂರುವ ಜಾಗ ಬೇಸಣು! ಆ ಶಬ್ದವನ್ನು ಎಲ್ಲೋ ಕೇಳಿದ ನೆನಪೂ ಇತ್ತು. ಭಾನುವಾರ ಸಂಜೆ ಬಿಳಿ ಬಟ್ಟೆಯವರು ಗುಂಪಾಗಿ ಬಂದು, “ಬೇಸಣುವಿನಿಂದ ಬರ್ತಾ ಇದ್ದೇವೆ” ಎಂದು ಚಹಾ ಕುಡಿದು ಹೋಗುತ್ತಿದ್ದರಲ್ಲ? ಬಹಳ ಮರ್ಯಾದಸ್ಥ ಜನ, ಗಲಾಟೆಯೇ ಇಲ್ಲ. ಮನುಷ್ಯರು ಕೂತ ಬೆಂಚಿನ ಮೇಲೆ ಈಗ ಮರಗಳು ಕೂತಿವೆ. ಇದಕ್ಕಿಂತ ಒಳ್ಳೆಯ ಶಬ್ದ ಎಲ್ಲಿ ಸಿಕ್ಕೀತು? ತಾನೇ ಮಾಡಿದ್ದು ಎಂದು ತಿಳಿಯಲು ತಮ್ಮ ಹೆಸರನ್ನೂ ಸೇರಿಸಿ, ದಪ್ಪ ಅಕ್ಷರದಲ್ಲಿ ಬರೆದರು: ‘ಜನಾರ್ದನಭಾಯಿಯ ಬೇಸಣು. ರವಿವಾರ ಸಂಜೆ 4ರಿಂದ 6.’

ಕೈಯ ಸುಣ್ಣ ಕೊಡವಿ, ಸೀಟಿ ಹಾಕುತ್ತ ಹಿಂದಿನ ಗಲ್ಲಿಯಿಂದ ಹೋಟೆಲಿಗೆ ಹೋದರು.

ಗುಜರಾತಿನಲ್ಲಿ ಬೇಸಣು ಎಂದರೆ, ಒಬ್ಬರು ಸತ್ತಾಗ ಅವರ ಮನೆಯಲ್ಲಿ ಎಲ್ಲರೂ ಬಿಳಿ ಬಟ್ಟೆ ತೊಟ್ಟು, ಸತ್ತವರ ಫೋಟೋಕ್ಕೆ ಹಾರ ಹಾಕಿ, ಸ್ವಲ್ಪ ಹೊತ್ತು ಸುಮ್ಮನೆ ಕೂತು ಬರುವುದು.

ಭಾನುವಾರ ಐತಾಳರು ಹೋಟೆಲಿನಲ್ಲಿ ಅತಿಥಿಗಳಿಗೆಂದು ಅನಾನಸು ಕೇಸರಿಬಾತು ಕೆದಕುತ್ತಿದ್ದಾಗ, ಮನೆಯ ಅಂಗಳ ಬೆಳ್ಳಗಾಗುತ್ತ ಬಂತು. ಸೊಸೈಟಿಯವರು, ಪಕ್ಕದ ಸೊಸೈಟಿಯವರು, ಹೋಟೆಲಿನ ಹಳೇ ಗಿರಾಕಿಗಳು. ಶನಿವಾರ ನಾಲ್ವರು ಹೊತ್ತು ತಂದದ್ದನ್ನು ಕಣ್ಣಾರೆ ಕಂಡಿದ್ದ ರಸಿಕಭಾಯ್‌ಗೆ ಸಂಶಯವೇ ಇರಲಿಲ್ಲ. ದಕ್ಷಿಣದವರು ಎಲ್ಲವನ್ನೂ ಸದ್ದಿಲ್ಲದೆ ಮುಗಿಸುತ್ತಾರೆ ಎಂದು ಎಲ್ಲರಿಗೂ ಹೇಳಿದರು. ಹೋದ ವರ್ಷದ ಗರ್ಬಾದಲ್ಲಿ ತೆಗೆದ ಫೋಟೋ ಒಂದನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ತಂದಿದ್ದರು. ಲೌಡ್‌ಸ್ಪೀಕರ್ ಬಂದ್ ಮಾಡಿ ಎಂದು ಐತಾಳರು ಅಗಲಕ್ಕೆ ಬಾಯಿ ತೆರೆದು ಕೂಗುತ್ತಿದ್ದ ಫೋಟೋ. ಬೇರೆ ಥರದ್ದು ಯಾರ ಹತ್ತಿರವೂ ಇರಲಿಲ್ಲ. ಇಡಲು ಜಾಗ ನೋಡಿದರು. ಬಿಳೀ ಸ್ಟ್ಯಾಂಡು, ಸುತ್ತ ಹಸಿರು, ಮೇಲೆ ನಡುವೆ ಒಂದು ಖಾಲಿ ಕುಂಡ. ಎಷ್ಟು ಚೆನ್ನಾಗಿ ಸಜ್ಜು ಮಾಡಿದ್ದಾರೆ! ಫೋಟೋವನ್ನು ಕುಂಡದಲ್ಲಿ ಊರಿ ಹಾರ ಹಾಕಿದರು.

ಆಗ ಶಕುಂತಲಮ್ಮ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ನಗುತ್ತ ಹೊರಗೆ ಬಂದರು.

ಒಬ್ಬ ಮುದುಕಿ ಓಡಿ ಬಂದು ತಬ್ಬಿಕೊಂಡು, “ಆಘಾತ, ಪಾಪ, ತಲೆಗೆ ಹೋಗಿದೆ” ಎಂದಳು.

ವಡೋದರಾದವರನ್ನು ಕರೆತರಲು ಹಿಂದಿನ ಗಲ್ಲಿಯಿಂದ ಸ್ಟೇಷನ್ನಿಗೆ ಹೋಗಿದ್ದ ಮೇದಿನಿ ಒಬ್ಬಳೇ ವಾಪಸು ಬಂದು, ಜನರ ನಡುವೆ ನುಸುಳಿ ಅಮ್ಮನ ಕಿವಿಯಲ್ಲಿ ಪಿಸುಗುಟ್ಟಿದಳು. “ಮಮ್ಮಿ, ಗೇಟಲ್ಲಿ ಬೋರ್ಡ್. ಪಪ್ಪಾನೇ ಬರೆದದ್ದು. ಅದರ ಅರ್ಥ ಪಪ್ಪಾ ಮರೀ ಗಯಾ ಅಂತ. ವಡೋದರಾ ಆಂಟಿಗಳು ಓದಿ, ಇಲ್ಲಿಯ ಬಿಳಿ ಬಟ್ಟೆ ನೋಡಿ, ಕೈಮುಗಿದು ವಾಪಸ್ ಹೋದ್ರು. ಪಪ್ಪಾ ಇದ್ದಾರೆ ಅಂದ್ರೂ ನಂಬ್ಲಿಲ್ಲ, ಮರ ನೋಡ್ಲೇ ಇಲ್ಲ.”

ಶಕುಂತಲಮ್ಮ ಹನ್ನೊಂದು ಮರಗಳನ್ನು ನೋಡಿದರು. ಕುಂಡದಲ್ಲಿ ಬಾಯಿ ತೆರೆದು ನಿಂತ ಗಂಡನನ್ನು ನೋಡಿದರು. ತಲೆಯಿಂದ ಮಲ್ಲಿಗೆ ತೆಗೆದು ಮಗಳ ಕೈಗೆ ಕೊಟ್ಟು, ಸೊಸೈಟಿಯವರು ಹಾಸಿದ್ದ ಜಮಖಾನದ ಮೇಲೆ ಕೂತರು.

ಐತಾಳರು ಕೇಸರಿಬಾತಿನ ಪಾತ್ರೆ ಹೊತ್ತು ಹಿಂದಿನ ಗಲ್ಲಿಗೆ ಬಂದದ್ದು ಆಗಲೇ. ಗೋಡೆಯಾಚೆ ಅಷ್ಟು ಜನ! ಎದೆ ಉಬ್ಬಿತು. ತನ್ನ ಹೆಸರು ಕೇಳಿಸಿತು. ಹೊಗಳಿಕೆ ಮುಗಿದ ಮೇಲೆ ಹೋದರೆ ಚಂದ ಎಂದು ಗೋಡೆಗೆ ಕಿವಿಯಿಟ್ಟು ನಿಂತರು.

“ಜನಾರ್ದನಭಾಯ್...” ಎಂದು ರಸಿಕಭಾಯ್ ಶುರುಮಾಡಿ, ಬಹಳ ಹೊತ್ತು ಹುಡುಕಿದರು. “ಸಾಂಬಾರು ಎರಡನೇ ಸಲ ಕೇಳಿದರೆ ಇಲ್ಲ ಅನ್ನುತ್ತಿರಲಿಲ್ಲ.”

“ಬೈಯುತ್ತಿದ್ದರು,” ಎಂದಿತು ಒಂದು ದನಿ.

“ಬೈದು ಕೊಡುತ್ತಿದ್ದರು,” ಎಂದು ರಸಿಕಭಾಯ್ ತಿದ್ದಿದರು. ಅಲ್ಲಿಗೆ ಅವರ ಸರಕು ಮುಗಿಯಿತು. ಐತಾಳರು ಕಿವಿಯನ್ನು ಗೋಡೆಗೆ ಇನ್ನಷ್ಟು ಒತ್ತಿದರು. ಸಾಂಬಾರಿನ ಮಾತು ಯಾಕೆ? ‘ಕೊಡುತ್ತಿದ್ದರು’ ಯಾಕೆ?

“ಬೇನ್, ಯಾವಾಗ ಆಯಿತು?” ಎಂದು ಮುದುಕಿ ಮೆಲ್ಲಗೆ ಕೇಳಿದಳು.

ಶಕುಂತಲಮ್ಮನ ದನಿ ಸ್ಪಷ್ಟವಾಗಿ ಕೇಳಿಸಿತು. “ನಲವತ್ತೊಂದು ದಿನ ಆಯಿತು. ಒಂದು ಒಗ್ಗರಣೆಯಲ್ಲಿ ಹೋದರು.”

ಗೋಡೆಯ ಮೇಲೆ ಐತಾಳರ ತಲೆ ಏರಿತು. ಅಂಗಳವಿಡೀ ಬಿಳಿ, ನಡುವೆ ತಮ್ಮದೇ ಸ್ಟ್ಯಾಂಡಿನ ಮೇಲೆ, ಕರಿಬೇವಿನ ಕುಂಡದಲ್ಲಿ, ಹಾರ ಹಾಕಿಕೊಂಡು ತಾವೇ ಕೂಗುತ್ತಿದ್ದಾರೆ. “ಎಂತ ಸಾವು ಮಾರಾಯ್ತಿ ಇದು!” ಎಂದು ಕಿರುಚಿದರು. ಪಾತ್ರೆ ಜಾರಿ ಕೇಸರಿಬಾತು ಗಲ್ಲಿಯ ನಾಯಿಗಳಿಗೆ ಪ್ರಾಪ್ತವಾಯಿತು. ರಸಿಕಭಾಯ್ ಫೋಟೋ ನೋಡಿದರು, ಗೋಡೆ ನೋಡಿದರು. ಎರಡೂ ಬಾಯಿ ಒಂದೇ ಅಗಲ ತೆರೆದಿದ್ದವು.

ಆಮೇಲಿನದ್ದನ್ನು ವಿಸ್ತರಿಸಿ ಫಲವಿಲ್ಲ. ಬಂದವರು ಮನೆಗೆ ಹೋಗಿ ಎರಡೆರಡು ಸಲ ಸ್ನಾನ ಮಾಡಿದರಂತೆ. ವಡೋದರಾದ ಹೆಂಗಸರಿಂದ ಸಂತಾಪದ ಕಾರ್ಡು ಬಂತು. ಮರ ನೋಡುವ ಮಾತು ಅದರಲ್ಲಿ ಇರಲಿಲ್ಲ.

ಆದರೆ ಮಾತು ಬಂತು. ಮರುದಿನ ಬೆಳಿಗ್ಗೆ ಐತಾಳರು ಕಾಫಿ ಲೋಟ ಹಿಡಿದು ಹೊಸ್ತಿಲಿಗೆ ಬಂದಾಗ ಶಕುಂತಲಮ್ಮ ಸ್ಟ್ಯಾಂಡಿನ ಮುಂದೆ ನಿಂತು ಮರಗಳಿಗೆ ನೀರು ಹಾಕುತ್ತಿದ್ದರು. ಫೋಟೋ ಕುಂಡದಲ್ಲೇ ಇತ್ತು.

“ಇವರೇ,” ಎಂದರು ಶಕುಂತಲಮ್ಮ, ಕಣ್ಣಿನ ಎತ್ತರಕ್ಕೆ ಸರಿಯಾಗಿ ಇದ್ದ ಆ ಫೋಟೋಕ್ಕೆ. “ಇನ್ನು ಮೇಲಾದ್ರೂ ಸೊಪ್ಪು ಹಿಂದಿನ ದಿನವೇ ತಂದಿಟ್ಕೊಳ್ಳಿ.”

ಐತಾಳರ ಕಣ್ಣು ತುಂಬಿತು. “ಆಯ್ತು ಮಾರಾಯ್ತಿ, ತರ್ತೇನೆ, ತಪ್ಪಾಯ್ತು,” ಎಂದರು. ಇಪ್ಪತ್ತಮೂರು ವರ್ಷದ ಸಂಸಾರದಲ್ಲಿ ಆ ಶಬ್ದ ಅವರ ಬಾಯಿಂದ ಹೊರಟದ್ದು ಅದೇ ಮೊದಲು.

ಶಕುಂತಲಮ್ಮ ತಿರುಗಲಿಲ್ಲ. “ಕಾಣಿ, ಈಗ ಎಷ್ಟು ಚಂದ ಕೇಳ್ತೀರಿ,” ಎಂದು ಸೆರಗಿನಿಂದ ಗಾಜು ಒರೆಸಿದರು. “ಇದ್ದಾಗ ಒಂದು ದಿನ ಕೇಳಿದವರಲ್ಲ.”

ಐತಾಳರು ಏನೋ ಹೇಳಲು ಬಾಯಿ ತೆರೆದು, ನಾಲಗೆಯ ತುದಿಗೆ ಬಂದ ಎರಡು ಶಬ್ದವನ್ನು ನುಂಗಿ ಮುಚ್ಚಿಕೊಂಡರು. ಕುಂಡದೊಳಗಿನ ಐತಾಳರು ಮಾತ್ರ ಅಗಲಕ್ಕೆ ಬಾಯಿ ತೆರೆದೇ ಇದ್ದರು. ಶಕುಂತಲಮ್ಮ ಬೆರಳು ಅದ್ದಿ ಆ ಬಾಯಿಗೆ ಎರಡು ತೊಟ್ಟು ನೀರು ಬಿಟ್ಟು, ಪಕ್ಕದ ಹುಣಸೆಯ ಕಡೆಗೆ ಹೋದರು.